ಹಾಡುವ ಬಾಯಿ: ಬಳಸುವ ಮುನ್ನ ಓದಿ

ಹಾಡುವ ಅನಿಮೇಷನ್ ಪಾತ್ರವೊಂದನ್ನು ತಯಾರಿಸಲು ಹೊರಟಿರುವ ನಿಮಗೆ ಅಭಿನಂದನೆ. ಕೆಲಸ ಶುರುಮಾಡುವ ಮೊದಲು ಸಾಮಾನು ಎಣಿಸಿಕೊಳ್ಳಿ: ಕಂಪ್ಯೂಟರ್ ಒಂದು, ಹೆಡ್‌ಫೋನ್ ಒಂದು, ಕೈಗನ್ನಡಿ ಒಂದು. ಮೊದಲೆರಡಕ್ಕೆ ಸಾಲ ಮಾಡಿರುತ್ತೀರಿ. ಮೂರನೆಯದು ಬೆಂಗಳೂರಿನ ವಿಜಯನಗರದ ಯಾವ ಫ್ಯಾನ್ಸಿ ಸ್ಟೋರಿನಲ್ಲಾದರೂ ಸಿಗುತ್ತದೆ, ಹೆಚ್ಚು ಕೆಲಸಕ್ಕೆ ಬರುವುದೂ ಅದೇ.

ಕನ್ನಡಿ ಹಿಡಿದು ಆ, ಊ, ಮಾ ಎಂದು ಬಾಯಿ ಮಾಡುವುದನ್ನು ಕೋಣೆಯೊಳಗೆ, ಕಿಟಕಿ ಮುಚ್ಚಿಕೊಂಡು ಅಭ್ಯಾಸ ಮಾಡಿ. ನಾನು ಕೆಂಗೇರಿ ಕಡೆಯ ಮೆಟ್ರೋದಲ್ಲಿ ಮಾಡಿದೆ. ಅತ್ತಿಗುಪ್ಪೆ ಬರುವಷ್ಟರಲ್ಲಿ ಪಕ್ಕದ ಸೀಟು ಖಾಲಿಯಾಗಿತ್ತು.

ಹಂತ 1: ವರ್ಣಮಾಲೆ. ತುಟಿ ಕೂಡಿಸುವ ತಂತ್ರಾಂಶಗಳು ಹೊರಗಿನಿಂದ ಬರುತ್ತವೆ. ಪುಕ್ಕಟೆ ಸಿಗುವ ರೂಬಾರ್ಬ್ ಎಂಬುದು ಆರು ಮೂಲ ಬಾಯಿ, ಬೇಕಿದ್ದರೆ ಇನ್ನೂ ಮೂರು ಕೊಡುತ್ತದೆ. ಆದರೆ ಅದರ ಕಿವಿ ಹುಟ್ಟಾ ಇಂಗ್ಲಿಷಿನದು. ಕನ್ನಡಕ್ಕೆ ಬರೀ ಧ್ವನಿ ನೋಡಿ ಅಂದಾಜು ಮಾಡುವ ಇನ್ನೊಂದು ಗುಂಡಿ ಇದೆ, ಅದನ್ನು ಒತ್ತಬೇಕು. ಒತ್ತದವರ ಪಾತ್ರಗಳು ಲಂಡನ್ನಿನಲ್ಲಿ ನಿಂತು ದೇವರನಾಮ ಹಾಡುತ್ತವೆ. ಅದಕ್ಕಿಂತ ಮೂರನೇ ಕ್ಲಾಸಿನ ಕಾಗುಣಿತ ನೆನಪಿಸಿಕೊಳ್ಳುವುದು ವಾಸಿ. ಪ, ಬ, ಮ ಮೂರು ಅಕ್ಷರ, ಆದರೆ ಬಾಯಿ ಒಂದೇ, ತುಟಿ ಕೂಡಲೇಬೇಕು. ಕ, ಟ, ತ ಒಳಗಿನ ವ್ಯವಹಾರ, ಹೊರಗಿನವರಿಗೆ ಅಷ್ಟಾಗಿ ಕಾಣುವುದಿಲ್ಲ, ಬಾಯಿಯನ್ನು ಸ್ವರಕ್ಕೆ ಬಿಟ್ಟುಬಿಡಿ. ಸೊನ್ನೆಯ ವಿಷಯದಲ್ಲಿ ಮಾತ್ರ ಹುಷಾರು: 'ಕಂಬ' ಎಂದಾಗ ತುಟಿ ಮುಚ್ಚುತ್ತದೆ, 'ಕಂಗಳು' ಎಂದಾಗ ಇಲ್ಲ. ಸೊನ್ನೆ ಕಂಡಲ್ಲೆಲ್ಲ ಬಾಯಿ ಮುಚ್ಚಿಸಿದರೆ ಪಾತ್ರ ಹಾಡುತ್ತಾ ಇಡ್ಲಿ ನುಂಗಿದಂತೆ ಕಾಣುತ್ತದೆ.

ತುಟಿ ಮುಚ್ಚಿಸುವುದನ್ನು ಮರೆತರೆ ಏನಾಗುತ್ತದೆ? ಮನಶ್ಶಾಸ್ತ್ರಜ್ಞರಾದ ಮೆಕ್‌ಗರ್ಕ್ ಮತ್ತು ಮ್ಯಾಕ್‌ಡೊನಾಲ್ಡ್ 1976ರಲ್ಲಿ ತೋರಿಸಿದ್ದು ಇದನ್ನೇ. ಕಿವಿಗೆ 'ಬಾ' ಕೇಳಿಸಿ, ಕಣ್ಣಿಗೆ 'ಗಾ' ಎನ್ನುವ ಬಾಯಿ ತೋರಿಸಿದರೆ ಬಹಳ ಮಂದಿಗೆ ಕೇಳಿಸಿದ್ದು 'ದಾ'. ಮಗುವನ್ನು 'ಬಾ' ಎಂದು ಕರೆಯುವ ತಾಯಿಯ ಹಾಡನ್ನು ಕೆಡಿಸಲು ಎರಡು ಫ್ರೇಮಿನ ಸೋಮಾರಿತನ ಸಾಕು.

ಹಂತ 2: ಎಳೆತ. ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮು. ಮಾತಿನಲ್ಲಿ 'ರಾಮಾ' ಅರ್ಧ ಸೆಕೆಂಡಿನಲ್ಲಿ ಮುಗಿಯುತ್ತದೆ. ಹಾಡಿನಲ್ಲಿ ಅದೇ 'ರಾ' ಆದಿತಾಳದ ಎಂಟು ಎಣಿಕೆಯಲ್ಲಿ ನಾಲ್ಕನ್ನು ತಿಂದಿತೆನ್ನಿ. ಎಣಿಕೆಗೊಂದು ಸೆಕೆಂಡಾದರೆ 96 ಫ್ರೇಮು ಒಂದೇ ಆಕಾರ. ಹೊಸಬರು ಇಲ್ಲಿ ಎರಡು ತಪ್ಪು ಮಾಡುತ್ತಾರೆ. ಒಬ್ಬರು ಬಾಯಿಯನ್ನು ಗುಹೆಯಂತೆ ತೆರೆದಿಟ್ಟು ಕಾಫಿಗೆ ಹೋಗುತ್ತಾರೆ. ಇನ್ನೊಬ್ಬರು ಗಮಕ ಕೇಳಿಸಿದಾಗಲೆಲ್ಲ ತುಟಿ ಬಡಿಸಿ ಮೀನು ಮಾಡುತ್ತಾರೆ. ದವಡೆ ಬೇಗ ಇಳಿಯಲಿ, ನಿಧಾನವಾಗಿ ಒಂದಿಷ್ಟು ಮೇಲೆ ಬರಲಿ. ಗಮಕದ ಅಲುಗಾಟವನ್ನು ಗಂಟಲಿಗೂ ಗದ್ದಕ್ಕೂ ಕೊಡಿ, ತುಟಿಗೆ ಬೇಡ. ಬಾಯಿ ದನಿಗಿಂತ ಒಂದೆರಡು ಫ್ರೇಮು ಮುಂದಿರಲಿ ಎಂಬುದು ಹಳೇ ಕೈಗಳ ರೂಢಿ, ಅದನ್ನು ಮೀರಬೇಡಿ.

ಹಂತ 3: ಉಸಿರು. ಬಸವೇಶ್ವರನಗರದ ಭಜನೆ ಮಂಡಳಿಯೊಂದರಲ್ಲಿ ನಮ್ಮ ಅತ್ತೆ ಮುಂದಿನ ಸಾಲಿನವರು. ಮಾದರಿಗೆ ಬೇಕೆಂದು ಅವರ ಭಜನೆಯನ್ನು ಮೊಬೈಲಿನಲ್ಲಿ ಹಿಡಿದು, ದನಿ ಆರಿಸಿ ನೋಡುತ್ತಾ ಕೂತಿದ್ದೆ. ಯಾರು ಹಾಡುತ್ತಿದ್ದಾರೆ, ಯಾರು ಬರೀ ತುಟಿ ಆಡಿಸುತ್ತಿದ್ದಾರೆ ಎಂಬುದು ಹಾಡಿನ ಸಾಲು ಶುರುವಾಗುವ ಮೊದಲೇ ಗೊತ್ತಾಗುತ್ತಿತ್ತು. ಹಾಡುವವರ ಹೆಗಲು ಏಳುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ, ದನಿಗೆ ಮುಂಚೆಯೇ ಬಾಯಿ ಚೂರು ಬಿಡುತ್ತದೆ. ತಾರಸ್ಥಾಯಿ ಬರುವ ಮೊದಲೇ ಹುಬ್ಬು ಅಲ್ಲಿಗೆ ಹೋಗಿ ಕಾಯುತ್ತಿರುತ್ತದೆ. ಹಿಂದಿನ ಸಾಲಿನ ಇಬ್ಬರು ಅಕ್ಷರಕ್ಕೆ ಅಕ್ಷರ ಸರಿಯಾಗಿಯೇ ತುಟಿ ಕೂಡಿಸುತ್ತಿದ್ದರು. ಉಸಿರು ಮಾತ್ರ ಎಳೆದುಕೊಳ್ಳುತ್ತಿರಲಿಲ್ಲ.

ದೊಡ್ಡ ಪಾಠ ಬೇಕಿದ್ದರೆ ರಾಜಾಜಿನಗರದವರು ದೂರ ಹೋಗಬೇಕಿಲ್ಲ, ರಸ್ತೆಗೇ ನಟ ರಾಜ್‌ಕುಮಾರ್ ಹೆಸರಿದೆ. ಅವರು 1974ರ 'ಸಂಪತ್ತಿಗೆ ಸವಾಲ್'ನಿಂದ ಹೆಚ್ಚಾಗಿ ತಾವೇ ಹಾಡತೊಡಗುವ ತನಕ ವರ್ಷಗಟ್ಟಲೆ ತೆರೆಯ ಮೇಲೆ ಅವರ ದನಿಯಾದವರು ಪಿ.ಬಿ. ಶ್ರೀನಿವಾಸ್. ಆ ಕಾಲದ ಯಾವುದಾದರೊಂದು ಹಾಡನ್ನು ದನಿಯಿಲ್ಲದೆ ನೋಡಿ. ಕಂಠ ಇನ್ನೊಬ್ಬರದು, ಉಸಿರು ಇವರದು. ಗುಬ್ಬಿ ನಾಟಕ ಕಂಪನಿಯ ರಂಗದ ಮೇಲೆ ಹಾಡಿಕೊಂಡೇ ಬೆಳೆದವರಿಗೆ ಯಾವ ಸಾಲಿಗೆ ಎಷ್ಟು ಗಾಳಿ ಬೇಕು ಎಂದು ಎದೆಗೇ ಗೊತ್ತಿತ್ತು ಎಂಬುದು ನನ್ನ ಲೆಕ್ಕ. ನಿಮ್ಮ ಪಾತ್ರದ ಸ್ಥಿತಿಯೂ ಅದೇ ತಾನೆ, ದನಿ ಯಾವತ್ತೂ ಬೇರೆಯವರದು.

ಎಚ್ಚರಿಕೆ. ಪಾತ್ರವನ್ನು ಅತಿ ಚಂದ ಮಾಡಬೇಡಿ. 13ನೇ ಶತಮಾನದಲ್ಲಿ ಶಾರ್ಙ್ಗದೇವ 'ಸಂಗೀತರತ್ನಾಕರ'ದಲ್ಲಿ ಗಾಯಕರ 25 ದೋಷಗಳನ್ನು ಪಟ್ಟಿ ಮಾಡಿದ್ದಾನೆ. ಹಲ್ಲು ಕಚ್ಚಿ ಹಾಡುವವನು ಸಂದಷ್ಟ, ವಿಕಾರವಾಗಿ ಬಾಯಿ ಕಳೆಯುವವನು ಕರಾಲಿ, ಸೋರೆಬುರುಡೆಯಂತೆ ಕೆನ್ನೆ ಊದಿಸುವವನು ತುಂಬಕಿ, ಕತ್ತು ಸೊಟ್ಟ ಮಾಡುವವನು ವಕ್ರಿ, ಕಣ್ಣು ಮುಚ್ಚಿಕೊಳ್ಳುವವನು ನಿಮೀಲಕ. ಗಾಯಕರಿಗೆ ಇದು ಬೈಗುಳ, ನಮಗೆ ಬಂಡವಾಳ. ಒಂದು ಪಾತ್ರಕ್ಕೆ ಎರಡು ದೋಷ ಸಾಕು. ಐದು ಹಾಕಿದರೆ ಗಿರಾಕಿ ಫೋನ್ ಮಾಡುತ್ತಾನೆ.

ವಾರಂಟಿ. ಹಾಡು ತೆಲುಗಿಗೋ ಹಿಂದಿಗೋ ಡಬ್ ಆದರೆ ಅನ್ವಯಿಸುವುದಿಲ್ಲ. ಪ, ಬ, ಮ ಅಲ್ಲಿ ಬೇರೆ ಕಡೆ ಬಂದು ಬೀಳುತ್ತವೆ.

ಕೊನೆಯ ಪರೀಕ್ಷೆ. ದನಿ ಆರಿಸಿ, ಹಾಡು ಬಲ್ಲ ಹಿರಿಯರೊಬ್ಬರಿಗೆ ತೋರಿಸಿ. ಮೂರು ವಾರ ಕೂತು ಮಾಡಿದ ನನ್ನ ಹುಡುಗಿಯನ್ನು ಅತ್ತೆಯ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು.

"ಚೆನ್ನಾಗಿದಾಳೆ ಕಣಪ್ಪಾ. ಎರಡನೇ ಸಾಲಿಗೆ ಉಸಿರೇ ತಗೊಂಡಿಲ್ವಲ್ಲ? ಇವಳನ್ನ ನಮ್ಮಲ್ಲಿ ಹಿಂದಿನ ಸಾಲಲ್ಲಿ ಕೂರಿಸ್ತೀವಿ."