ಪ್ರಬಲ ಆಕಾಂಕ್ಷಿ

ತಿಪಟೂರು ಸೀಮೆಯ ಯಾವ ವರದಿಗಾರನ ಫೋನು ತೆಗೆದು ನೋಡಿದರೂ ಶಾಸಕರ ನಂಬರಿಗಿಂತ ಮೇಲೆ ಇನ್ನೊಬ್ಬರ ನಂಬರಿರುತ್ತದೆ. ಅವರು ನಗರಸಭೆ ಸದಸ್ಯರಲ್ಲ, ಸೊಸೈಟಿ ಅಧ್ಯಕ್ಷರಲ್ಲ, ಹಾಲಿನ ಡೇರಿಯ ನಿರ್ದೇಶಕರೂ ಅಲ್ಲ. ಜಿಲ್ಲಾ ಪಂಚಾಯಿತಿ ಟಿಕೆಟ್‌ನ ಪ್ರಬಲ ಆಕಾಂಕ್ಷಿ. ಪತ್ರಿಕೆಯಲ್ಲಿ ನಾವು ಅವರನ್ನು ‘ಯುವ ಮುಖಂಡರು’ ಎಂದು ಬರೆಯುವುದು ವಾಡಿಕೆ. ಅವರ ಮೊಮ್ಮಗನ ನಾಮಕರಣದ ಊಟ ಮಾಡಿ ಬಂದ ಸಂಜೆಯೂ ನಾನು ಹಾಗೆಯೇ ಬರೆದೆ. ಬರೀ ‘ಮುಖಂಡರು’ ಎಂದರೆ ಮರುದಿನ ಬೆಳಿಗ್ಗೆ ಆರಕ್ಕೇ ಫೋನು.

ಆರಕ್ಕೇ ಏಕೆಂದರೆ ಬಸ್ ಸ್ಟ್ಯಾಂಡಿನಲ್ಲಿ ಪೇಪರ್ ಬಂಡಲಿನ ದಾರ ಕತ್ತರಿಸುವಾಗಲೇ ಅವರು ಹಾಜರು. ಮುಖಪುಟ ಅವರ ಲೆಕ್ಕದಲ್ಲಿ ಬರೀ ರಟ್ಟು. ಮುಖ್ಯಮಂತ್ರಿ ಬದಲಾದರೂ ಯುದ್ಧ ಶುರುವಾದರೂ ಅದನ್ನು ಸರ್ರನೆ ಮಗುಚಿ ಜಿಲ್ಲಾ ಪುಟಕ್ಕೆ ಹೋಗುತ್ತಾರೆ. ಅಲ್ಲಿ ಸುದ್ದಿಯನ್ನು ಕೊನೆಯಿಂದ ಮೇಲಕ್ಕೆ ಓದುತ್ತಾರೆ, ಹೆಸರುಗಳ ಪಟ್ಟಿ ಇರುವುದು ಕೊನೆಯಲ್ಲೇ ತಾನೇ? ಹೆಸರಿದ್ದರೆ ಹತ್ತು ಪ್ರತಿ ಕೊಳ್ಳುತ್ತಾರೆ. ಇಲ್ಲದಿದ್ದರೆ ಪೇಪರನ್ನು ಮೊದಲಿನಂತೆಯೇ ಮಡಚಿ, ಏಜೆಂಟನ ಕೈಗೆ ಕೊಟ್ಟು, ‘ಏನೂ ನ್ಯೂಸೇ ಇಲ್ಲ ಇವತ್ತು’ ಎಂದು ಚಹಾಕ್ಕೆ ನಡೆಯುತ್ತಾರೆ. ಇಷ್ಟು ಏಕಾಗ್ರತೆಯ ಓದುಗ ನಮ್ಮ ದೊಡ್ಡ ಕಾದಂಬರಿಕಾರರಿಗೂ ಸಿಕ್ಕಿರಲಾರ.

ಒಂದೇ ಕೊರಗು. ತಿಪಟೂರು ತುಮಕೂರು ಜಿಲ್ಲೆ, ಮಗ್ಗುಲಲ್ಲೇ ಇರುವ ಅರಸೀಕೆರೆ ಹಾಸನ ಜಿಲ್ಲೆ. ಪುಟ ಬೇರೆ, ಆವೃತ್ತಿ ಬೇರೆ. ಇಲ್ಲಿ ಮೂರು ಕಾಲಂ ಫೋಟೊ ಬಂದವರು ರೈಲಿನಲ್ಲಿ ಅರ್ಧ ಗಂಟೆ ಹೋದರೆ ಯಾರೋ ಏನೋ. ಅವರ ಭಾವಮೈದ ಇರುವುದು ಅರಸೀಕೆರೆಯಲ್ಲಿ. ‘ಭಾವ, ಅದೇನೋ ಪೇಪರಲ್ಲಿ ಬತ್ತೀನಿ ಅಂತೀಯ, ಯಾವತ್ತೂ ಕಾಣಲಿಲ್ಲವಲ್ಲ’ ಎಂದು ಹಬ್ಬದ ಊಟದಲ್ಲಿ ಎಲ್ಲರೆದುರು ಕೇಳಿಬಿಟ್ಟನಂತೆ. ಅಂದಿನಿಂದ ‘ಸಾರ್, ಹಾಸನ ಎಡಿಶನ್‌ಗೂ ಒಂದು ಮಾತು ಹೇಳಿ’ ಎಂಬುದು ಅವರ ಖಾಯಂ ಅಹವಾಲು.

ಪತ್ರಿಕಾಗೋಷ್ಠಿ ಪ್ರವಾಸಿ ಮಂದಿರದಲ್ಲಿ. ನಾವು ನಾಲ್ವರು ವರದಿಗಾರರಿದ್ದರೆ ಅವರ ಕಡೆ ಹನ್ನೊಂದು ಜನ. ಮೇಜಿನ ಹಿಂದೆ ಆರು ಕುರ್ಚಿ, ಉಳಿದವರು ಹಿಂದೆ ನಿಂತು ಕ್ಯಾಮೆರಾಕ್ಕೆ ಕತ್ತು ಚಾಚಬೇಕು. ಹೇಳಬೇಕಾದ್ದೆಲ್ಲ ಡಿಟಿಪಿ ಅಂಗಡಿಯಲ್ಲಿ ಮೊದಲೇ ಅಚ್ಚಾಗಿರುತ್ತದೆ. ಹಾಗಾಗಿ ಗೋಷ್ಠಿಯ ಮುಖ್ಯ ಕಲಾಪ ಖಾರಾಬಾತು, ಕೇಸರಿಬಾತು. ನಾವು ಪ್ರಶ್ನೆ ಕೇಳಬಾರದೆಂದೇನಿಲ್ಲ. ಕೇಳಿದರೆ ‘ಅದು ನೋಟಲ್ಲಿದೆ ಸಾರ್’ ಎನ್ನುತ್ತಾರೆ, ನೋಟಿನಲ್ಲಿ ಇರುವುದಿಲ್ಲ. ಅದರಲ್ಲಿ ಖಂಡನೆ ಎರಡು ಸಾಲು, ಹೆಸರು ಹದಿನಾಲ್ಕು ಸಾಲು. ಯಾರ ಹೆಸರು ಬಿಟ್ಟುಹೋಗಿ ‘ಮತ್ತಿತರರು’ ಎಂಬುದರೊಳಗೆ ಸೇರಿಹೋಗುತ್ತದೋ ಅವನು ಮರುವಾರ ಎದುರಾಳಿ ಬಣದ ಗೋಷ್ಠಿಯಲ್ಲಿ ಕುರ್ಚಿ ಹಿಡಿದು ಕೂತಿರುತ್ತಾನೆ. ತಾಲ್ಲೂಕಿನ ಪಕ್ಷಾಂತರಗಳಿಗೆ ಸಿದ್ಧಾಂತದ ಕಾರಣ ಹುಡುಕುವವರು ನಮ್ಮ ಉಪಸಂಪಾದಕರ ಕತ್ತರಿಯನ್ನೂ ಒಮ್ಮೆ ವಿಚಾರಿಸುವುದು ಒಳ್ಳೆಯದು.

ಕೊಬ್ಬರಿ ವಿಚಾರಕ್ಕೆ ಬಂದರೆ ಮಾತ್ರ ಅವರನ್ನು ಮೆಚ್ಚಲೇಬೇಕು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತ ಎಷ್ಟೋ ಕೆಳಗೆ ಕುಸಿದು ಬೆಳೆಗಾರರು ನಿಜವಾಗಿಯೂ ಬೀದಿಗಿಳಿದಿದ್ದರು. ನಮ್ಮವರು ಧರಣಿಗೆ ಹೋದದ್ದು ಫೋಟೊ ತೆಗೆಯುವಷ್ಟು ಹೊತ್ತು. ಆದರೆ 20 ಸಾವಿರ ಕೊಡದಿದ್ದರೆ ಉಗ್ರ ಹೋರಾಟ ಎಂದು ಹೇಳಿಕೆ ಕೊಟ್ಟರು. ಉಗ್ರ ಹೋರಾಟವೇನೂ ಆಗಲಿಲ್ಲ. 2025ರಲ್ಲಿ ಯಾರೂ ಕೇಳದೆಯೇ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ 20 ಸಾವಿರ ದಾಟಿಕೊಂಡು ಹೋಯಿತು. ತೆಂಗಿಗೆ ರೋಗ ಬಿದ್ದು ಇಳುವರಿ ಇಳಿದಿತ್ತು, ಮಾರಲು ರೈತರ ಅಟ್ಟದಲ್ಲಿ ಕಾಯಿಯೇ ಇರಲಿಲ್ಲ. ಅವತ್ತು ಬಂದ ಪ್ರೆಸ್ ನೋಟಿನ ತಲೆಬರಹ: ‘ಹೋರಾಟಕ್ಕೆ ಸಂದ ಜಯ’. ಹಾಕಿದೆವು, ಎರಡು ಕಾಲಂ.

ಜುಲೈ 1 ಪತ್ರಿಕಾ ದಿನಾಚರಣೆ. 1843ರಲ್ಲಿ ಅದೇ ದಿನ ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ ‘ಮಂಗಳೂರು ಸಮಾಚಾರ’ ಹೊರತಂದ, ಅದು ಕನ್ನಡದ ಮೊದಲ ಪತ್ರಿಕೆ. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ನಮ್ಮ ಆಕಾಂಕ್ಷಿಗಳ ಖರ್ಚಿನಲ್ಲೇ ಆದ್ದರಿಂದ ಭಾಷಣವೂ ಅವರದೇ. ‘ಪೂಜ್ಯ ಮೊಗಲಿಂಗಪ್ಪನವರು ಆ ಕಾಲದಲ್ಲೇ ಮಂಗಳೂರಿಗೆ ಹೋಗಿ ಪತ್ರಿಕೆ ಮಾಡಿದ್ದು ಸಾಮಾನ್ಯವಲ್ಲ’ ಎಂದರು. ಕೆಳಗಿಳಿದು ಬಂದು ನನ್ನ ಕಿವಿಯಲ್ಲಿ, ‘ಹೆಸರು ನೋಡಿದ್ರೆ ನಮ್ಮೋರೇ ಇರಬೇಕು ಸಾರ್’ ಎಂದರು. ಶಾಲು ಹೊದ್ದಿದ್ದವನು ನಾನು, ಏನು ಹೇಳಲಿ.

ಇಷ್ಟೆಲ್ಲ ಯಾವ ಚುನಾವಣೆಗಾಗಿ ಎಂದು ಕೇಳಬೇಡಿ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಆ ವರ್ಷ ಮೀಸಲಾತಿಯ ಕರಡು ಪಟ್ಟಿ ಬಂದು, ನಮ್ಮವರ ಕ್ಷೇತ್ರ ಮಹಿಳೆಗೆ ಹೋಯಿತು. ರಾತ್ರೋರಾತ್ರಿ ಅವರ ಮನೆಯವರು ‘ಮಹಿಳಾ ಮುಖಂಡರು, ಸಮಾಜ ಸೇವಕಿ’ ಆದರು. ಪಾಸ್‌ಪೋರ್ಟ್ ಫೋಟೊ ಕೇಳಲು ಹೋದರೆ ಆಕೆ ಅಡುಗೆಮನೆಯಿಂದಲೇ, ‘ಅವರಿಗೆ ಕೆಲಸವಿಲ್ಲ, ನಿಮಗೂ ಇಲ್ವಾ?’ ಎಂದರು. ಅದೇ ವರ್ಷ ಸರ್ಕಾರ ಕಾಯ್ದೆ ತಿದ್ದಿ, ಕ್ಷೇತ್ರ ಮರುವಿಂಗಡಣೆಯನ್ನು ಚುನಾವಣಾ ಆಯೋಗದ ಕೈಯಿಂದ ಕಿತ್ತು ಇನ್ನೊಂದು ಆಯೋಗಕ್ಕೆ ಕೊಟ್ಟಿತು. ಪಟ್ಟಿ ಬಿತ್ತು, ಪ್ರಕರಣ ಕೋರ್ಟಿಗೆ ಹೋಯಿತು, ಮಹಿಳಾ ಮುಖಂಡರು ನೆಮ್ಮದಿಯಿಂದ ಒಗ್ಗರಣೆಗೆ ಮರಳಿದರು. ಆಮೇಲೆ ವರ್ಷಗಟ್ಟಲೆ ಚುನಾವಣೆ ಎಂಬುದೇ ಇಲ್ಲ. ಪಂಚಾಯಿತಿಗಳನ್ನು ಅಧಿಕಾರಿಗಳು ನೋಡಿಕೊಂಡರು, ಆಕಾಂಕ್ಷಿಗಳನ್ನು ನಾವು ನೋಡಿಕೊಂಡೆವು.

ನಾವು ಎಂದೆ, ಏಕೆಂದರೆ ಭಾನುವಾರ ಕಚೇರಿಗಳಿಗೆ ರಜೆ, ಅಪಘಾತವೂ ಆಗದ ದಿನ ಜಿಲ್ಲಾ ಪುಟದಲ್ಲಿ ಅಂಗೈಯಗಲ ಜಾಗ ಖಾಲಿ ಬಿದ್ದಿರುತ್ತದೆ. ಡೆಸ್ಕಿನವರು ಗದರುತ್ತಾರೆ. ಆಗ ನಾನೇ ಫೋನು ಮಾಡುತ್ತೇನೆ.

‘ಅಣ್ಣಾ, ಏನಾದ್ರೂ ಖಂಡಿಸೋದು ಇದೆಯಾ?’

‘ಎಷ್ಟು ಕಾಲಂ ಸಾರ್?’

ಶಾಸಕರಿಗೆ ಸೋಲುವ ಭಯ, ಮಾಜಿಗಳಿಗೆ ಮರೆಯಾಗುವ ಭಯ. ಆಕಾಂಕ್ಷಿಗೆ ಈ ಎರಡೂ ಇಲ್ಲ. ಠೇವಣಿ ಕಟ್ಟುವಂತಿಲ್ಲ, ಕಳೆದುಕೊಳ್ಳುವಂತಿಲ್ಲ. ಕೆಟ್ಟ ರಸ್ತೆಗೆ ಯಾರೂ ಅವರನ್ನು ಬೈಯುವುದಿಲ್ಲ, ರಸ್ತೆ ಆದರೆ ಅವರ ಮನವಿಯ ಫಲ. ಇಂಥ ಪದವಿ ಸಂವಿಧಾನದಲ್ಲಿ ಬೇರೆ ಇಲ್ಲ.

ಮೊನ್ನೆ ಬೆಂಗಳೂರಿನಿಂದ ಸುದ್ದಿ ಹಬ್ಬಿತು, ಈ ಸಲ ಪಂಚಾಯಿತಿ ಚುನಾವಣೆ ಖಂಡಿತವಂತೆ. ರಾತ್ರಿ ಹತ್ತಕ್ಕೆ ಫೋನು. ದನಿ ಸಣ್ಣಗಿತ್ತು.

‘ಸಾರ್, ಚುನಾವಣೆ ಕೂಡಲೇ ನಡೆಸಿ, ಇಲ್ಲದಿದ್ದರೆ ಉಗ್ರ ಹೋರಾಟ ಅಂತ ಬೆಳಿಗ್ಗೆ ಒಂದು ಕಳಿಸಿದ್ನಲ್ಲ…’

‘ನಾಳೆ ಬರುತ್ತೆ ಅಣ್ಣಾ, ಫೋಟೊ ಸಮೇತ.’

‘ಅದನ್ನ ಸ್ವಲ್ಪ ತಡೀರಿ. ಅದರ ಬದಲು ಬೀದಿನಾಯಿ ಹಾವಳಿ ಬಗ್ಗೆ ಒಂದು ಹಾಕಿದ್ದೀನಿ, ನೋಡಿ.’