ಸಪ್ಪಳ ಕಾಕಾ

ಹೊಸಪೇಟೆಯ ಪ್ರತಿ ಓಣಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಮ್ಮ ಓಣಿಯವರಿಗೆ ಹುಡುಗರು ಇಟ್ಟ ಹೆಸರು ಸಪ್ಪಳ ಕಾಕಾ. ಬೋರಿನ ಮೋಟರು, ಮಿಕ್ಸಿ, ಹೊಲಿಗೆ ಮಷಿನ್ನು, ಯಾವುದು ಅಪಸ್ವರ ತೆಗೆದರೂ ಕರೆಯದೆ ಹಾಜರು. ಬಂದವರೇ ಕಣ್ಣು ಮುಚ್ಚಿ ಕೇಳಿ, "ಬೇರಿಂಗ್ ಹೋಗೈತಿ" ಎನ್ನುತ್ತಾರೆ. ಒಮ್ಮೆ ಗುಡುಗು ಕೇಳಿದಾಗಲೂ ಹಾಗೇ ಅಂದರು ಎನ್ನುವವರುಂಟು; ಅದು ಬರೀ ಚಾಡಿ ಇರಬೇಕು.

ಮೊನ್ನೆ ಮಾಗಿಯ ಚಳಿಯಲ್ಲಿ ಮೂಲೆಯ ಆನ್‌ಲೈನ್ ಸೆಂಟರಿನ ಕಂಪ್ಯೂಟರ್ ಗರಗರ ಅನ್ನತೊಡಗಿತು. ಪಹಣಿಗೆ ಬಂದಿದ್ದ ಕಂಪ್ಲಿಯ ರೈತರೊಬ್ಬರು ಕುರ್ಚಿ ಹಿಂದಕ್ಕೆ ಸರಿಸಿದರು, ಕಾಕಾ ಮುಂದಕ್ಕೆ ಬಂದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಡಬ್ಬಿಗೆ, ಹಿಡಿ ಕಿವಿಗೆ. ಈ ವಿದ್ಯೆ ಸುಳ್ಳಲ್ಲ. ಲಾರಿ ಮೇಸ್ತ್ರಿಗಳು ಇಂಜಿನ್ನಿನ ರೋಗ ಹಿಡಿಯುವುದು ಹೀಗೆಯೇ.

"ಎಸ್‌ಎಂಪಿಎಸ್ ಫ್ಯಾನು. ಸಂಡೂರು ಧೂಳ ಹೊಕ್ಕೈತಿ."

ಎಸ್‌ಎಂಪಿಎಸ್ ಅಂದರೆ ಕಂಪ್ಯೂಟರಿಗೆ ಕರೆಂಟು ಉಣಿಸುವ ಒಳಪೆಟ್ಟಿಗೆ. ಇನ್ನು ಸಂಡೂರಿನ ಧೂಳು ಕಾಕಾರ ಸಕಲ ಸಿದ್ಧಾಂತಗಳ ಬುನಾದಿ. ಅದಿರಿನ ಲಾರಿಗಳು ಸಾಲುಗಟ್ಟಿ ಓಡಿದ ಕಾಲದಲ್ಲಿ ರಸ್ತೆ ಬದಿಯ ಎಲೆಗಳೂ ಕೆಂಪಾಗಿದ್ದವು, ನಿಜ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದಾಗ ಊರವರು ಹೋದ ರೊಕ್ಕದ ಲೆಕ್ಕ ಹಾಕಿದರೆ, ಕಾಕಾ ಉಳಿದ ಫ್ಯಾನುಗಳ ಲೆಕ್ಕ ಹಾಕಿದರಂತೆ. ಈಗಲೂ ಜೇಬಿನಿಂದ ಅಯಸ್ಕಾಂತ ತೆಗೆದು ಧೂಳಿಗೆ ಹಿಡಿದರು. ಒಂದು ಕಣವೂ ಅಂಟಲಿಲ್ಲ. ಸಂಡೂರಿನ ಅದಿರು ಹೆಚ್ಚಾಗಿ ಹೆಮಟೈಟ್. ಸಾದಾ ಅಯಸ್ಕಾಂತಕ್ಕೆ ಅದು ಅಷ್ಟು ಸುಲಭಕ್ಕೆ ಬಗ್ಗದು. ಕಾಕಾ ತಡವರಿಸಲಿಲ್ಲ: "ಎಕ್ಸ್‌ಪೋರ್ಟ್ ಕ್ವಾಲಿಟಿ."

"ಅಲ್ರೀ, ನಮ್ಮ ಕಡೆ ರೈಸ್‌ಮಿಲ್ಲಿನ ಹೊಟ್ಟಿನ ಧೂಳಿಗೂ ಹಿಂಗ ಆಗತೈತಿ," ಎಂದರು ಕಂಪ್ಲಿಯವರು.

"ಅದು ಕಂಪ್ಲಿ ಸಪ್ಪಳ. ಅದರ ರಾಗಾನ ಬ್ಯಾರೆ."

ಇಂಥ ಕಿವಿಗೆ ಒಂದೇ ಕೊರಗು. ಹಂಪಿಯ ವಿಜಯ ವಿಠ್ಠಲ ದೇವಸ್ಥಾನದ ಸಂಗೀತ ಕಂಬಗಳನ್ನು ಮುಟ್ಟಲು ಈಗ ಬಿಡುವುದಿಲ್ಲ. "ಒಂದ್ಸಲ ಬಡಿಯಾಕ ಬಿಟ್ಟಿದ್ರ ಯಾವ ಕಂಬ ಲೂಸ್ ಐತಿ ಹೇಳತಿದ್ದೆ" ಎಂದು ನೆಂಟರೆದುರು ಈಗಲೂ ಹಲುಬುತ್ತಾರೆ. ಕಂಬಗಳ ಪುಣ್ಯ ದೊಡ್ಡದು.

ಸೆಂಟರಿನ ಹುಡುಗ ಡಬ್ಬಿಯ ಪಕ್ಕದ ಹಾಳೆ ಬಿಚ್ಚಿ, ಪ್ರೊಸೆಸರ್ ಮೇಲಿನ ಫ್ಯಾನಿನ ನಡುಬೊಡ್ಡೆಯನ್ನು ಬೆರಳಿನಿಂದ ಒಂದು ಕ್ಷಣ ತಡೆದ. ಗರಗರ ನಿಲ್ಲಲಿಲ್ಲ. ಡಬ್ಬಿಯಲ್ಲಿ ಉಳಿದದ್ದು ಇನ್ನೊಂದೇ ಫ್ಯಾನು. ಅಂದರೆ ಸದ್ದು ಎಸ್‌ಎಂಪಿಎಸ್‌ನದೇ. ಅಷ್ಟರಮಟ್ಟಿಗೆ ಕಾಕಾ ಗೆದ್ದರು. ಆದರೆ ಬೆಳಿಗ್ಗೆ ಜೋರಾಗಿದ್ದ ಸದ್ದು ಡಬ್ಬಿ ಬಿಸಿಯಾಗುತ್ತಲೇ ಇಳಿಯುತ್ತಿತ್ತು. ಬುಶ್ ಬೇರಿಂಗಿನ ಎಣ್ಣೆ ಒಣಗಿ ಗಟ್ಟಿಯಾದಾಗ ಹೀಗಾಗುತ್ತದೆ. ವೈರು ರೆಕ್ಕೆಗೆ ತಾಗಿದ್ದರೆ ಬಿಸಿಯಾದರೂ ಟಕಟಕ ನಿಲ್ಲುವುದಿಲ್ಲ. ಸೊಳ್ಳೆಯಂತೆ ಸಣ್ಣಗೆ ಕಿರ್ರೆಂದರೆ ಅದು ಫ್ಯಾನೇ ಅಲ್ಲ, ಒಳಗಿನ ಕಾಯಿಲ್ಲು.

"ಲೇ ತಮ್ಮಾ, ಹಂಗಾರ ಕೊಬ್ರಿಎಣ್ಣಿ ಬಿಡು."

"ಚಳಿಗೆ ಅದೂ ಗಟ್ಟಿ ಆಗತೈತ್ರೀ ಕಾಕಾ. ಮಷಿನ್ ಎಣ್ಣಿ ಬಿಟ್ರೂ ನಾಕು ದಿನದ ಮಾತು. ಫ್ಯಾನ್ ಬದಲಿಸೋದ ಛಲೋ."

ಅಷ್ಟರಲ್ಲಿ ಕಾಕಾ ಪ್ಲಗ್ ಕಿತ್ತು ಎಸ್‌ಎಂಪಿಎಸ್‌ನ ಜಾಲರಿಯೊಳಗೆ ಸ್ಕ್ರೂಡ್ರೈವರ್ ತೂರಿಸಹೊರಟಿದ್ದರು. ಹುಡುಗ ಕೈ ಹಿಡಿದ. ಕಾಕಾರಿಗೆ ಸಿಟ್ಟು: "ಪ್ಲಗ್ ಕಿತ್ತೀನಲ್ಲ, ಇನ್ನೆಲ್ಲಿ ಕರೆಂಟು?" ಕರೆಂಟು ಕೆಪಾಸಿಟರಿನಲ್ಲಿ. ಮನೆಯ 230 ವೋಲ್ಟು ಅಲ್ಲಿ ಡಿಸಿಯಾಗಿ 320ರ ಆಸುಪಾಸು ತುಂಬಿಕೊಂಡಿರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಲಹೊತ್ತು ಅಲ್ಲೇ ಕಾದಿರುತ್ತದೆ.

ಅದನ್ನು ಬಿಚ್ಚುವ ಗೋಜೇ ಬೇಡವೆಂದು ಸಂಜೆಗೆ ಇಡೀ ಹೊಸ ಎಸ್‌ಎಂಪಿಎಸ್ ಬಂತು. ಕಾಕಾ ಕಿವಿಯಿಟ್ಟರು, ಕಣ್ಣು ಮುಚ್ಚಿದರು, ಬಹಳ ಹೊತ್ತು ಕೇಳಿದರು.

"ಸಪ್ಪಳಾನ ಇಲ್ಲ. ಇದು ಕೆಟ್ಟೈತಿ, ವಾಪಸ್ ಕೊಡು."

ಓದುಗರೇ, ನಿಮ್ಮ ಓಣಿಯ ಕಾಕಾರಿಂದ ರೋಗದ ಹೆಸರು ಧಾರಾಳವಾಗಿ ಕೇಳಿಸಿಕೊಳ್ಳಿ. ಸ್ಕ್ರೂಡ್ರೈವರನ್ನು ಮಾತ್ರ ಮೊದಲೇ ಇಸಿದುಕೊಂಡು ಬಿಡಿ.