ಎರಡು ಬಣ್ಣದ ವೇಷ, ಒಂದೇ ರಂಗಸ್ಥಳ

2025ರ ಚಳಿಗಾಲ ಶುರುವಾಗುವ ಹೊತ್ತು. ಬೇಲಿಗೆ ಹಬ್ಬಿಸಿದ್ದ ಬಸಳೆ ಹಿಂದಿನ ರಾತ್ರಿಯ ಹಿಮಕ್ಕೆ ಕಪ್ಪಾಗಿ ಜೋತುಬಿದ್ದಿತ್ತು. ಅದನ್ನು ಬಿಡಿಸಿ ತೆಗೆಯುತ್ತಿದ್ದ ಪಕ್ಕದ ಮನೆಯ ಮಾಷ್ಟ್ರು ನನ್ನನ್ನು ಕಂಡದ್ದೇ ತಡ, ಕತ್ತರಿ ಕೆಳಗಿಟ್ಟರು. “ಈ ವರ್ಷ ನಮ್ಮಲ್ಲಿ ಉದ್ದದವರು ಮೂರು ಜನ ಉಂಟಲ್ಲ? ಮೂವರನ್ನೂ ಒಟ್ಟಿಗೆ ಇಳಿಸಿದ್ರೆ ಎದುರಿನವರು ಎಂತ ಮಾಡ್ಲಿಕ್ಕುಂಟು ಮಾರಾಯ್ರೇ?”

“ನಮ್ಮಲ್ಲಿ” ಅಂದರೆ ಪರ್ಡ್ಯೂ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ. ನಾವಿರುವುದು ಇಂಡಿಯಾನಾ ರಾಜ್ಯದ ವೆಸ್ಟ್ ಲಫಾಯೆಟ್‌ನಲ್ಲಿ. ವಾಬಾಶ್ ನದಿಯ ಪಕ್ಕದ ಊರು, ಸುತ್ತ ಮೆಕ್ಕೆಜೋಳದ ಹೊಲಗಳು, ನಡುವೆ ದೊಡ್ಡ ವಿಶ್ವವಿದ್ಯಾಲಯ, ಅದರೊಳಗೆ ಮ್ಯಾಕಿ ಅರೀನಾ. ಎಂಜಿನಿಯರಿಂಗ್ ಓದಲು ನಮ್ಮ ಕಡೆಯ ಹುಡುಗ ಹುಡುಗಿಯರು ಇಲ್ಲಿಗೆ ಬರುತ್ತಲೇ ಇರುತ್ತಾರೆ. ಮೊದಲ ಚಳಿಗಾಲದಲ್ಲಿ ಅವರಿಗೆ ಈ ಆಟದ ಗಂಧಗಾಳಿಯೂ ಇರುವುದಿಲ್ಲ, ಎರಡನೆಯ ಚಳಿಗಾಲಕ್ಕೆ ಗಂಟಲು ಹರಿಯುವಂತೆ ಕೂಗುತ್ತಿರುತ್ತಾರೆ. ಮಾಷ್ಟ್ರು ಉಡುಪಿ ಕಡೆಯವರು. ನಿವೃತ್ತಿಯಾದ ಮೇಲೆ ಮಗಳ ಮನೆಗೆ ಬಂದವರು ಈ ಹುಚ್ಚಿಗೆ ಬಿದ್ದರು. ಮೈಸೂರಿನ ನನಗೆ ಇದು ಇಪ್ಪತ್ತು ವರ್ಷದ ಹಳೆಯ ಹುಚ್ಚು.

ಮೂವರು ಅಂದದ್ದು ಸರಿಯೇ. ಡೇನಿಯಲ್ ಜೇಕಬ್‌ಸನ್ 7 ಅಡಿ 4 ಇಂಚು. ಆಸ್ಟ್ರೇಲಿಯಾದ ಆಸ್ಕರ್ ಕ್ಲಫ್ 6 ಅಡಿ 11 ಇಂಚು, ಸೌತ್ ಡಕೋಟಾ ಸ್ಟೇಟ್‌ನಿಂದ ಆ ಸಲ ಬಂದವನು. ಟ್ರೇ ಕೌಫ್‌ಮನ್‌-ರೆನ್ 6 ಅಡಿ 9 ಇಂಚು. ಕಾಗದದ ಮೇಲೆ ಬರೆದಿಟ್ಟರೆ ಕೋಟೆಯ ಗೋಡೆಯ ಹಾಗೆ ಕಾಣುತ್ತದೆ.

“ಮಾಷ್ಟ್ರೇ, ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಸ್ಥಳಕ್ಕೆ ಬರುವಾಗ ಉಳಿದ ವೇಷಗಳು ಎಲ್ಲಿರುತ್ತವೆ?”

“ಎಲ್ಲಿ ಅಂದ್ರೆ? ಬದಿಗೆ ಸರೀತಾರೆ. ಅಷ್ಟು ದೊಡ್ಡ ಕಿರೀಟ ಇಟ್ಕೊಂಡು ತಿರುಗ್ಲಿಕ್ಕೆ ಜಾಗ ಬೇಡ್ವಾ?”

“ಒಟ್ಟಿಗೇ ಎರಡು ಬಂದರೆ?”

ಅವರು ಸ್ವಲ್ಪ ಯೋಚಿಸಿದರು. “ಬರಬಹುದು. ಆದ್ರೆ ಒಬ್ಬ ಕುಣೀವಾಗ ಇನ್ನೊಬ್ಬ ಬದಿಗೆ ನಿಲ್ಬೇಕು.”

ನಾನು ಹೇಳಬೇಕಾದದ್ದನ್ನು ಅವರೇ ಹೇಳಿಬಿಟ್ಟಿದ್ದರು. ಆದರೂ ಹರಟೆ ಅಷ್ಟಕ್ಕೇ ನಿಲ್ಲುತ್ತದೆಯೇ?

ಎತ್ತರದ ಸೆಂಟರ್ ಆಟಗಾರ ರಿಂಗಿನ ಹತ್ತಿರ ಬೆನ್ನು ಕೊಟ್ಟು ನಿಂತು, ಚೆಂಡು ಹಿಡಿದು, ತಿರುಗಿ ಹಾಕುವುದು ಈ ಆಟದ ಬಹಳ ಹಳೆಯ ದಾರಿ. ರಿಂಗಿನ ಮುಂದಿನ ಬಣ್ಣ ಬಳಿದ ಪಟ್ಟಿ 12 ಅಡಿ ಅಗಲ, ಅದರಲ್ಲಿ ದಾಳಿ ಮಾಡುವವನು 3 ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಅವನು ಪಟ್ಟಿಯ ಅಂಚಿನಲ್ಲಿ ಕಾದು, ಸರಿಯಾದ ಗಳಿಗೆಯಲ್ಲಿ ಜಾಗ ಹಿಡಿಯಬೇಕು. ಹೊರಗಿನ ಗಾರ್ಡ್ ಅದೇ ಗಳಿಗೆಯಲ್ಲಿ ಅವನ ಕೈಗೆ ಸಿಗುವ ಹಾಗೆ ಪಾಸ್ ಕೊಡಬೇಕು. ಅಷ್ಟರಲ್ಲಿ ಎದುರಾಳಿಯ ಇಬ್ಬರು ಮೂವರು ಬಂದು ಅವನಿಗೆ ಮುತ್ತಿಗೆ ಹಾಕುತ್ತಾರೆ. ಹಾಗೆ ಮುತ್ತದಂತೆ ಅವರನ್ನು ತಡೆಯುವುದು ಸೆಂಟರ್‌ನ ಕೈಯಲ್ಲಿಲ್ಲ, ಉಳಿದ ನಾಲ್ವರ ಕೈಯಲ್ಲಿದೆ. ಅವರು ದೂರದಿಂದ ಹಾಕಬಲ್ಲವರಾದರೆ ಎದುರಾಳಿ ಅವರನ್ನು ಬಿಟ್ಟು ಒಳಗೆ ಬರಲು ಹೆದರುತ್ತಾನೆ. ಹಾಕಲಾರದವರಾದರೆ ಧೈರ್ಯವಾಗಿ ಬರುತ್ತಾನೆ. ಹಾಗಾಗಿ ಸೆಂಟರ್ ಯಾರು ಅನ್ನುವುದಕ್ಕಿಂತ ಅವನ ಜೊತೆ ಉಳಿದ ನಾಲ್ವರು ಯಾರು ಅನ್ನುವುದೇ ನನಗೆ ಮುಖ್ಯ.

ಇದನ್ನು ಯಾರಿಗಿಂತಲೂ ಚೆನ್ನಾಗಿ ತಿಳಿದಿದ್ದವನು ಜಾನ್ ವುಡನ್. ಇದೇ ಇಂಡಿಯಾನಾದವನು, 1932ರವರೆಗೆ ಇದೇ ಪರ್ಡ್ಯೂಗೆ ಆಡಿದ ಗಾರ್ಡ್. ಆಗ ಪ್ರತಿ ಬಾಸ್ಕೆಟ್ ಆದ ಮೇಲೂ ಚೆಂಡನ್ನು ಅಂಗಳದ ನಡುವೆ ತಂದು ಮೇಲಕ್ಕೆ ಹಾರಿಸುತ್ತಿದ್ದರು. ಆ ಪದ್ಧತಿ 1937ರವರೆಗೂ ಇತ್ತು. ಎತ್ತರದವನಿದ್ದ ತಂಡಕ್ಕೆ ಚೆಂಡು ಮತ್ತೆ ಮತ್ತೆ ಸಿಗುತ್ತಿತ್ತು. ಪರ್ಡ್ಯೂದಲ್ಲಿ ಅಂಥವನೊಬ್ಬನಿದ್ದ, “ಸ್ಟ್ರೆಚ್” ಮರ್ಫಿ, 6 ಅಡಿ 6 ಇಂಚು. ಆ ಕಾಲಕ್ಕೆ ಅದೇ ಆಕಾಶ. ಅವನ ಜೊತೆ ಆಡಿ ಕಲಿತ ವುಡನ್ ಮುಂದೆ ಕ್ಯಾಲಿಫೋರ್ನಿಯಾದ ಯುಸಿಎಲ್‌ಎಗೆ ಕೋಚ್ ಆದ.

1964ರಲ್ಲಿ ಅವನ ಮೊದಲ ಐವರಲ್ಲಿ 6 ಅಡಿ 5 ಇಂಚು ದಾಟಿದವನು ಒಬ್ಬನೂ ಇರಲಿಲ್ಲ. ಅಂಗಳದ ಉದ್ದಗಲಕ್ಕೂ ಎದುರಾಳಿಯ ಮೇಲೆ ಬಿದ್ದು ಚೆಂಡು ಕಸಿಯುವ ಆಟ ಕಟ್ಟಿದ. 30 ಆಟ ಆಡಿ 30ನ್ನೂ ಗೆದ್ದರು. ಫೈನಲ್‌ನಲ್ಲಿ, ರಾಷ್ಟ್ರೀಯ ಟೂರ್ನಿಯ ಕೊನೆಯ ಆಟದಲ್ಲಿ, 6 ಅಡಿ 10 ಇಂಚಿನ ಇಬ್ಬರಿದ್ದ ಡ್ಯೂಕ್ ತಂಡವನ್ನು 98–83ರಿಂದ ಸೋಲಿಸಿದರು.

“ನೋಡಿ, ಉದ್ದ ಬೇಕಂತಲೇ ಇಲ್ಲ ಹಾಗಾದ್ರೆ!” ಅಂದರು ಮಾಷ್ಟ್ರು.

“ಅವಸರ ಮಾಡಬೇಡಿ.” ಮೂರು ವರ್ಷ ಕಳೆಯುವಷ್ಟರಲ್ಲಿ ಅದೇ ವುಡನ್ ಹತ್ತಿರ 7 ಅಡಿ ದಾಟಿದ ಲೂ ಆಲ್ಸಿಂಡರ್ ಇದ್ದ. ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಆದವನು ಅವನೇ. ವುಡನ್ ತನಗೆ ಒಗ್ಗಿದ್ದ ಹಳೆಯ ಕ್ರಮಕ್ಕೆ ಅಂಟಿಕೊಳ್ಳಲಿಲ್ಲ. ಸೆಂಟರ್‌ನನ್ನು ರಿಂಗಿನಿಂದ ದೂರ ನಿಲ್ಲಿಸುವ ಆಟ ಬಿಟ್ಟು, ಹತ್ತಿರ ನಿಲ್ಲಿಸುವ ಆಟ ಕಟ್ಟಿದ. 1967, 68, 69, ಮೂರು ವರ್ಷವೂ ಚಾಂಪಿಯನ್. ಆಲ್ಸಿಂಡರ್‌ನ ಮೊದಲ ವರ್ಷ ಮುಗಿಯುತ್ತಿದ್ದಂತೆ ಕಾಲೇಜು ಆಟದಲ್ಲಿ ಡಂಕ್ ಮಾಡುವುದನ್ನೇ, ಅಂದರೆ ಚೆಂಡನ್ನು ಮೇಲಿನಿಂದ ರಿಂಗಿನೊಳಗೆ ತುರುಕುವುದನ್ನೇ, ನಿಷೇಧಿಸಿದರು, ಆ ನಿಷೇಧ 1976ರವರೆಗೆ ನಡೆಯಿತು. ಅವನು ಹೋದ ಮೇಲೆ ವುಡನ್ ಸೆಂಟರ್‌ನನ್ನು ಮತ್ತೆ ದೂರಕ್ಕೆ ಕಳಿಸಿದ, 1970ರಲ್ಲಿ ಮತ್ತೆ ಗೆದ್ದ. ಕೈಗೆ ಸಿಕ್ಕ ಮರ ನೋಡಿ ಮನೆ ಕಟ್ಟಿದವನು ಅವನು. ಅವನ 10 ಪ್ರಶಸ್ತಿಗಳಿಗಿಂತ ನನಗೆ ಆ ಬದಲಾವಣೆಯ ಮನಸ್ಸೇ ದೊಡ್ಡದು.

ಮಾಷ್ಟ್ರಿಗೆ ಹಳೆಯ ಕಥೆ ಹಿಡಿಸಿತು, ಆದರೆ ಅವರ ಮನಸ್ಸು ಜ್ಯಾಕ್ ಈಡಿಯ ಮೇಲಿತ್ತು. ಈ ಊರಿನಲ್ಲಿ ಯಾರ ಮನಸ್ಸು ತಾನೇ ಇಲ್ಲ? ಟೊರೊಂಟೊದ ಹುಡುಗ. ಚಿಕ್ಕಂದಿನಲ್ಲಿ ಐಸ್ ಹಾಕಿ, ಬೇಸ್‌ಬಾಲ್ ಆಡಿಕೊಂಡಿದ್ದು, ಬ್ಯಾಸ್ಕೆಟ್‌ಬಾಲ್‌ಗೆ ತಡವಾಗಿ ಬಂದ. 7 ಅಡಿ 4 ಇಂಚು. ಇಲ್ಲಿಗೆ ಬಂದಾಗ ಅವನ ಮೇಲೆ ದೊಡ್ಡ ಆಸೆ ಇಟ್ಟವರು ಕಡಿಮೆ. ಎರಡನೆಯ ವರ್ಷ ಕೋಚ್ ಮ್ಯಾಟ್ ಪೇಂಟರ್ ಸೆಂಟರ್ ಜಾಗವನ್ನು ಅವನಿಗೂ ಟ್ರೆವಿಯನ್ ವಿಲಿಯಮ್ಸ್‌ಗೂ ಹೆಚ್ಚುಕಡಿಮೆ ಅರ್ಧರ್ಧ ಹಂಚಿದ. ಆ ಚಳಿಗಾಲ ನನಗೆ ಇಂದಿಗೂ ಪ್ರಿಯ. ಈಡಿ ಇದ್ದಾಗ ಚೆಂಡು ಒಳಗೆ ಹೋಗಿ ಅಲ್ಲೇ ಮುಗಿಯುತ್ತಿತ್ತು. ವಿಲಿಯಮ್ಸ್ ಬಂದಾಗ ಒಳಗೆ ಹೋದ ಚೆಂಡು ಬೆನ್ನ ಹಿಂದಿನಿಂದ, ತಲೆಯ ಮೇಲಿನಿಂದ, ಓಡಿ ಬರುವವನ ಕೈಗೆ ಮತ್ತೆ ಹೊರಗೆ ಬರುತ್ತಿತ್ತು. ಒಂದೇ ಜಾಗ, ಒಂದೇ ಸಮವಸ್ತ್ರ, ಎರಡು ಬೇರೆ ಆಟ. ಪೇಂಟರ್ ಇಬ್ಬರನ್ನೂ ಜೊತೆಗೆ ಹೆಚ್ಚು ಆಡಿಸಲಿಲ್ಲವೆಂದು ಆಗ ಎಷ್ಟು ಜನ ಗೊಣಗಿದರು! ಆ ಹಂಚಿಕೆಯೇ ಸರಿಯಿತ್ತು ಅಂತ ನಾನು ಈಗಲೂ ವಾದಿಸುತ್ತೇನೆ. ಇಬ್ಬರಿಗೂ ಬೇಕಾದದ್ದು ರಿಂಗಿನ ಮುಂದಿನ ಅದೇ ಜಾಗ.

ಸೆಂಟರ್‌ನ ಕೈಯಿಂದ ಪಾಸ್ ಹೊರಡುವ, ವಿಲಿಯಮ್ಸ್ ಆಡಿದಂಥ ಆಟಕ್ಕೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಹೆಸರಾದದ್ದು ಪೀಟ್ ಕ್ಯಾರಿಲ್‌ನಿಂದ. ಸೆಂಟರ್‌ನನ್ನು ರಿಂಗಿನಿಂದ ದೂರ ನಿಲ್ಲಿಸಿ, ಅವನನ್ನೇ ಭಾಗವತನನ್ನಾಗಿ ಮಾಡಿದ. 1996ರಲ್ಲಿ ಹಿಂದಿನ ವರ್ಷದ ಚಾಂಪಿಯನ್ ಯುಸಿಎಲ್‌ಎಯನ್ನು 43–41ರಿಂದ ಕೆಡವಿದ ಕೊನೆಯ ಬಾಸ್ಕೆಟ್ ಬಂದದ್ದು ಸೆಂಟರ್‌ನ ಪಾಸಿನಿಂದಲೇ. ಕಾವಲುಗಾರನ ಬೆನ್ನ ಹಿಂದಿನಿಂದ ರಿಂಗಿಗೆ ನುಗ್ಗಿದವನ ಕೈಗೆ ಚೆಂಡು ಸಿಕ್ಕಿತ್ತು.

ಈಗ ನೋವಿನ ಮಾತು. 2023ರ ಮಾರ್ಚ್, ರಾಷ್ಟ್ರೀಯ ಟೂರ್ನಿ. ಈಡಿ ಆ ವರ್ಷ ದೇಶದ ಅತ್ಯುತ್ತಮ ಆಟಗಾರ. ಪರ್ಡ್ಯೂ ತನ್ನ ಗುಂಪಿನ ಒಂದನೇ ಶ್ರೇಯಾಂಕದ ತಂಡ. ಎದುರಿಗೆ ಹದಿನಾರನೇ ಶ್ರೇಯಾಂಕದ ಫೇರ್ಲಿ ಡಿಕಿನ್ಸನ್, ಆ ವರ್ಷ ಡಿವಿಷನ್ ಒಂದರ 363 ತಂಡಗಳಲ್ಲೇ ಅತಿ ಕುಳ್ಳ ತಂಡ. 63–58, ನಾವು ಸೋತೆವು. ಪುರುಷರ ಟೂರ್ನಿಯ ಇತಿಹಾಸದಲ್ಲಿ ಹದಿನಾರನೆಯವರು ಒಂದನೆಯವರನ್ನು ಸೋಲಿಸಿದ್ದು ಅದು ಎರಡನೇ ಸಲ ಮಾತ್ರ.

“ಅವತ್ತು ನಮ್ಮ ಮನೇಲಿ ಯಾರೂ ಊಟ ಮಾಡ್ಲಿಲ್ಲ” ಅಂದರು ಮಾಷ್ಟ್ರು ಮೆಲ್ಲಗೆ.

ಮರುದಿನದಿಂದ ಊರೆಲ್ಲ ಒಂದೇ ಮಾತು: ಇಷ್ಟು ಉದ್ದದವನನ್ನು ನಂಬಿ ಕೆಟ್ಟೆವು, ಈ ಕಾಲದಲ್ಲಿ ಓಡುವವರು ಬೇಕು. ನನಗೆ ಆ ಮಾತು ಕೇಳಿ ಸಂಕಟವಾಗುತ್ತಿತ್ತು. ಆ ದಿನ ಈಡಿ 21 ಅಂಕ ಗಳಿಸಿದ್ದ, ಗುರಿ ತಪ್ಪಿ ಪುಟಿದ ಚೆಂಡನ್ನು, ಅಂದರೆ ರೀಬೌಂಡನ್ನು, 15 ಸಲ ಹಿಡಿದಿದ್ದ. ಆದರೆ ಅವನಿಗೆ ಎಸೆಯಲು ಸಿಕ್ಕದ್ದು ಬರೀ 11 ಸಲ. ಕುಳ್ಳರು ಅವನ ಮುಂದೊಬ್ಬ, ಹಿಂದೊಬ್ಬ ನಿಂತು ಪಾಸ್ ಬರುವ ದಾರಿಯನ್ನೇ ಮುಚ್ಚಿದರು. ಹಾಗೆ ಇಬ್ಬರು ಮೂವರು ಒಳಗೆ ಸೇರಿದಾಗ ಹೊರಗೆ ಬಯಲಾಗುತ್ತದೆ. ಅಲ್ಲಿಂದ ನಮ್ಮವರು ಮೂರಂಕದ ಎಸೆತ 26 ಎಸೆದರು, ರಿಂಗಿನೊಳಗೆ ಬಿದ್ದದ್ದು 5. ತೇರು ಎಷ್ಟು ಎತ್ತರವಿದ್ದರೇನು, ಗಾಲಿಗೆ ಹೊತ್ತಿಗೆ ಸರಿಯಾಗಿ ಮರದ ತುಂಡು ಕೊಟ್ಟು ತಿರುಗಿಸುವವರು ಬೇಡವೇ? ಮೊದಲ ವರ್ಷದ ಗಾರ್ಡ್‌ಗಳಾದ ಬ್ರೇಡನ್ ಸ್ಮಿತ್, ಫ್ಲೆಚರ್ ಲೋಯರ್ ಮೇಲೆ ಆ ದಿನ ಆ ಭಾರ ಬಿದ್ದಿತ್ತು. ಅವರನ್ನೂ ನಾನು ದೂರುವುದಿಲ್ಲ, ಇನ್ನೂ ಮಕ್ಕಳು.

ಮುಂದಿನ ಋತುವಿಗೆ ಪೇಂಟರ್ ತೇರನ್ನು ಬದಲಿಸಲಿಲ್ಲ, ಗಾಲಿಯ ಹತ್ತಿರದವರನ್ನು ಗಟ್ಟಿ ಮಾಡಿದ. ಸದರ್ನ್ ಇಲಿನಾಯ್‌ನಿಂದ ಲ್ಯಾನ್ಸ್ ಜೋನ್ಸ್ ಎಂಬ ಚುರುಕಿನ ಗಾರ್ಡ್‌ನನ್ನು ತಂದ. ಅದಕ್ಕಿಂತ ಸೂಕ್ಷ್ಮವಾದದ್ದು ನಾಲ್ಕನೆಯ ಜಾಗದ, ಅಂದರೆ ಸೆಂಟರ್‌ನ ಜೊತೆಗಾರನ, ನಿರ್ಧಾರ. ಅದಕ್ಕೂ ಮುಂಚೆ ಅಲ್ಲಿ ಮೇಸನ್ ಗಿಲಿಸ್ ಇದ್ದ, ದೂರದಿಂದ ಚೆನ್ನಾಗಿ ಹಾಕುವವನು. ಅವನನ್ನು ಬೆಂಚಿಗೆ ಕಳಿಸಿ, ದೂರದಿಂದ ಹಾಕದ ಕೌಫ್‌ಮನ್‌-ರೆನ್‌ನನ್ನು ಈಡಿಯ ಜೊತೆ ಶುರುವಿಗೆ ಇಳಿಸಿದ. ಎರಡು ಬಣ್ಣದ ವೇಷ! ಅದಕ್ಕೂ ಕಾರಣವಿತ್ತು. ಆಟದ ಆರಂಭದಲ್ಲಿ ಇಬ್ಬರ ಮೈಬಲ, ಇಬ್ಬರ ರೀಬೌಂಡ್. ಆಮೇಲೆ ಗಿಲಿಸ್ ಬಂದಾಗ ಅಂಗಳ ಹಿಗ್ಗುತ್ತಿತ್ತು, ಈಡಿಗೆ ಉಸಿರಾಡಲು ಜಾಗವಾಗುತ್ತಿತ್ತು. ಬೆಂಚಿನಿಂದ ಬರುವವರಲ್ಲಿ ಅತ್ಯುತ್ತಮನೆಂದು ಬಿಗ್ ಟೆನ್ ಲೀಗ್ ಗಿಲಿಸ್‌ಗೆ ಪ್ರಶಸ್ತಿ ಕೊಟ್ಟಿತು. ಶುರುವಿನ ಐವರು ಬೇರೆ, ಆಟ ಮುಗಿಸುವ ಐವರು ಬೇರೆ. ತಂಡದ ಪಟ್ಟಿಯಲ್ಲಿ ಮೊದಲ ಹೆಸರು ಯಾರದೆಂದು ಜಗಳವಾಡುವವರು ಇದನ್ನು ಮರೆಯುತ್ತಾರೆ. ತಂಡ ಆ ವರ್ಷ ಮೂರಂಕದ ಎಸೆತದಲ್ಲಿ ನೂರಕ್ಕೆ 40ರಷ್ಟು ಹಾಕಿತು, ಈಡಿ ಸರಾಸರಿ 25 ಅಂಕ ಗಳಿಸಿದ. 1980ರ ನಂತರ ಮೊದಲ ಸಲ ಪರ್ಡ್ಯೂ ಟೂರ್ನಿಯ ಕೊನೆಯ ನಾಲ್ಕು ತಂಡಗಳಲ್ಲಿ ನಿಂತಿತು. ಟೆನಿಸ್ಸೀ ಮೇಲೆ ಈಡಿ 40 ಅಂಕ ಹೊಡೆದ ಸಂಜೆ ಈ ಬೇಲಿಯ ಎರಡೂ ಕಡೆ ನಾವು ಹೋಳಿಗೆ ಹಂಚಿದ್ದೆವು.

ಫೈನಲ್ 2024ರ ಏಪ್ರಿಲ್ 8, ಅರಿಜೋನಾದಲ್ಲಿ, ಕನೆಕ್ಟಿಕಟ್ ಎದುರು. ಅವರ ಕೋಚ್ ಡ್ಯಾನ್ ಹರ್ಲಿ ಫೇರ್ಲಿ ಡಿಕಿನ್ಸನ್ ಮಾಡಿದ್ದಕ್ಕೆ ತದ್ವಿರುದ್ಧವಾದದ್ದನ್ನು ಮಾಡಿದ. ಅವನ ಹತ್ತಿರ 7 ಅಡಿ 2 ಇಂಚಿನ ಡೊನೊವನ್ ಕ್ಲಿಂಗನ್ ಇದ್ದ. ಈಡಿಯನ್ನು ಹೆಚ್ಚಾಗಿ ಅವನೊಬ್ಬನಿಗೇ ಬಿಟ್ಟು, ಉಳಿದ ನಾಲ್ವರನ್ನು ನಮ್ಮ ಹೊರಗಿನವರಿಗೆ ಅಂಟಿಸಿದ. ಈಡಿ 37 ಅಂಕ ಗಳಿಸಿದ, ಉಳಿದವರೆಲ್ಲ ಸೇರಿ 23. ಇಡೀ ಆಟದಲ್ಲಿ ನಮ್ಮವರಿಗೆ ಮೂರಂಕದ ಎಸೆತ ಸಿಕ್ಕದ್ದೇ 7 ಸಲ, ಬಿದ್ದದ್ದು 1. 75–60.

“ಅಂದ್ರೆ ಒಳಗೆ ಕಟ್ಟಿದ್ರೂ ಸೋತೆವು, ಹೊರಗೆ ಕಟ್ಟಿದ್ರೂ ಸೋತೆವು. ಉದ್ದದವನಿದ್ದು ಪ್ರಯೋಜನ ಎಂತ?”

ಪ್ರಯೋಜನ ಎಷ್ಟೆಂದು ಗೊತ್ತಾದದ್ದು ಅವನು ಹೋದ ಮೇಲೆ. ಜೇಕಬ್‌ಸನ್ 2024ರ ನವೆಂಬರಿನಲ್ಲಿ, ತನ್ನ ಎರಡನೇ ಆಟದಲ್ಲೇ, ಕಾಲಿನ ಮೂಳೆ ಮುರಿದುಕೊಂಡ. ಕೌಫ್‌ಮನ್‌-ರೆನ್ ಸೆಂಟರ್ ಆಗಬೇಕಾಯಿತು. ಸ್ಮಿತ್ ಚೆಂಡು ತರುವುದು, ಇವನು ಕಾವಲುಗಾರನಿಗೆ ಅಡ್ಡ ನಿಂತು, ಅಂದರೆ ಸ್ಕ್ರೀನ್ ಹಾಕಿ, ಒಳಗೆ ಉರುಳುವುದು, ಅರ್ಧ ದಾರಿಯಲ್ಲಿ ಚೆಂಡು ಹಿಡಿದು ಒಂದು ಕೈಯಲ್ಲಿ ಮೆಲ್ಲಗೆ ತೇಲಿಬಿಡುವುದು. ಎಷ್ಟು ಚೆಂದದ ಆಟ! ಸರಾಸರಿ 20 ಅಂಕ ಗಳಿಸಿದ. ಆದರೆ ನಮ್ಮ ರಿಂಗಿನ ಮುಂದೆ ಕಾವಲಿಗೆ ನಿಲ್ಲುವ ಎತ್ತರವಿರಲಿಲ್ಲ. ಇಂಡಿಯಾನಾಪೊಲಿಸ್‌ನಲ್ಲಿ ಹ್ಯೂಸ್ಟನ್ ಎದುರು 62–60ರಿಂದ ಸೋತೆವು. ಸೆಕೆಂಡೂ ಪೂರ್ತಿ ಉಳಿದಿಲ್ಲ ಅನ್ನುವಾಗ ಅವರು ಕೊನೆಯ ಬಾಸ್ಕೆಟ್ ಹಾಕಿದ್ದು ರಿಂಗಿನ ಬುಡದಿಂದ.

ಅದಕ್ಕೇ 2025ರಲ್ಲಿ ಕ್ಲಫ್ ಬಂದ, ಜೇಕಬ್‌ಸನ್ ಗುಣವಾದ. ಹಿಂದಿನ ವರ್ಷ ಸೆಂಟರ್ ಆಗಿ ಅರಳಿದ ಕೌಫ್‌ಮನ್‌-ರೆನ್ ಮತ್ತೆ ನಾಲ್ಕನೆಯ ಜಾಗಕ್ಕೆ ಸರಿಯಬೇಕಿತ್ತು. ಅವನು ಉರುಳಿ ಬರುವ ದಾರಿಯಲ್ಲೇ ಕ್ಲಫ್ ನಿಂತಿದ್ದರೆ ಸ್ಮಿತ್ ಕೊಡುವ ಆ ಸೊಗಸಾದ ಪಾಸಿಗೆ ಜಾಗವೆಲ್ಲಿ? ನನ್ನ ತಲೆ ತಿನ್ನುತ್ತಿದ್ದದ್ದು ಇದೊಂದೇ.

“ನೀವು ಕೋಚ್ ಆಗಿದ್ರೆ?” ಅಂದರು ಮಾಷ್ಟ್ರು, ಒಣಗಿದ ಬಳ್ಳಿಯನ್ನು ಸುರುಳಿ ಸುತ್ತುತ್ತ.

ನನ್ನ ಉತ್ತರ ಇಷ್ಟು: ಕ್ಲಫ್ ಮತ್ತು ಕೌಫ್‌ಮನ್‌-ರೆನ್ ಜೊತೆಯಾಗಿ ಶುರು ಮಾಡಲಿ, ರೀಬೌಂಡ್ ಹಿಡಿಯಲಿ, ಎದುರಾಳಿಯನ್ನು ದಣಿಸಲಿ. ಜೇಕಬ್‌ಸನ್ ಕ್ಲಫ್‌ನ ಬದಲಿಗೆ ಬರಲಿ, ಕ್ಲಫ್‌ನ ಜೊತೆಗೆ ಬೇಡ. ಮೂವರು ಒಟ್ಟಿಗೆ ಯಾವತ್ತೂ ಬೇಡ. ಕೊನೆಯ ಐದು ನಿಮಿಷ ಒಬ್ಬನೇ ಎತ್ತರದವನು ಇರಲಿ, ಸುತ್ತ ದೂರದಿಂದ ಹಾಕುವ ನಾಲ್ವರು. ಆ ಒಬ್ಬ ಯಾರೆಂದು ಎದುರಾಳಿಯನ್ನು ನೋಡಿ ಆ ದಿನ ತೀರ್ಮಾನಿಸಬೇಕು. ಹ್ಯೂಸ್ಟನ್‌ನಂಥವರಾದರೆ ನಾನು ಕ್ಲಫ್‌ನನ್ನು ಇಳಿಸುತ್ತೇನೆ, ನಮ್ಮ ರಿಂಗ್ ಕಾಯಲಿ. ಅಂಕ ಹಿಂದಿದ್ದರೆ ಕೌಫ್‌ಮನ್‌-ರೆನ್.

ನೀವೂ ಮುಂದಿನ ಸಲ ಆಟ ನೋಡುವಾಗ ಚೆಂಡಿನ ಮೇಲಿನ ಕಣ್ಣನ್ನು ಅರ್ಧ ನಿಮಿಷ ತೆಗೆಯಿರಿ. ಎತ್ತರದವನ ಕೈಗೆ ಚೆಂಡು ಬಂದ ಕ್ಷಣ ಉಳಿದ ನಾಲ್ವರು ಎಲ್ಲಿ ನಿಂತಿದ್ದಾರೆ ನೋಡಿ, ಅವರ ಕಾವಲುಗಾರರು ಎಷ್ಟು ಹೆಜ್ಜೆ ಒಳಗೆ ಸರಿದಿದ್ದಾರೆ ಎಣಿಸಿ. ಆಮೇಲೆ ಬೇಲಿ ಹತ್ತಿರ ಬನ್ನಿ, ಮಾತಾಡೋಣ.